ಎರಡು ಸಾಲಿನ ಷರಾ: ಒಂದು ನಾಲಾ, ಒಬ್ಬ ಕಾರಕೂನ, ಮೂರು ಮಳೆಗಾಲ

ಮುಂಬೈಗೆ ಒತ್ತಿಕೊಂಡಿರುವ ಒಂದು ಮಹಾನಗರಪಾಲಿಕೆಯ ಪ್ರಕರಣ ಇದು. ಊರು, ನಾಲಾ, ಇಸವಿ ಯಾವುದನ್ನೂ ಹೇಳುತ್ತಿಲ್ಲ. ಲೆಕ್ಕ ತಿಳಿಯುವಂತೆ ಅನುಪಾತ ಉಳಿಸಿಕೊಂಡು ಅಂಕಿಗಳನ್ನು ಬದಲಿಸಿದೆ. ಅಕ್ರಮ ಬಯಲಿಗೆಳೆದವರನ್ನು ಕಾರಕೂನ ಎಂದಷ್ಟೇ ಕರೆಯೋಣ. ಕರಾವಳಿ ಕಡೆಯವರು, ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಓದಿ ಪಾಲಿಕೆಯ ಲೆಕ್ಕ ವಿಭಾಗ ಸೇರಿದವರು. ಇದಕ್ಕಿಂತ ಹೆಚ್ಚು ಹೇಳಿದರೆ ಗುರುತು ಸಿಕ್ಕಿಬಿಡುತ್ತದೆ, ಏಕೆಂದರೆ ಆ ಕಚೇರಿಯಲ್ಲಿ ಕನ್ನಡಿಗರು ಇಬ್ಬರೋ ಮೂವರೋ ಇದ್ದಾರೆ. ಈ ಸಣ್ಣ ಸಂಗತಿಯೇ ಪ್ರಕರಣದ ಒಂದು ತಿರುವಿಗೂ ಕಾರಣವಾಯಿತು.

ಹೂಳಿಗೆ ಬಿಲ್ಲು ಹೇಗೆ ಆಗುತ್ತದೆ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದ ಮೇಲೆ ಈ ಭಾಗದ ಪ್ರತಿ ಪಾಲಿಕೆಗೂ ನಾಲಾ ಸಫಾಯಿ ವರ್ಷಾವರಿ ಜಾತ್ರೆಯಾಗಿದೆ. ಮೇ 31ರ ಒಳಗೆ ಹೂಳು ಎತ್ತಿ ಮುಗಿಸಬೇಕು. ಗುತ್ತಿಗೆದಾರನಿಗೆ ಹಣ ಸಿಗುವುದು ಸಾಮಾನ್ಯವಾಗಿ ಎತ್ತಿದ ಹೂಳಿನ ತೂಕದ ಮೇಲೆ. ಪೋಕ್ಲೇನ್ ಯಂತ್ರ ಹೂಳೆತ್ತಿ ಡಂಪರಿಗೆ ತುಂಬುತ್ತದೆ. ತುಂಬಿದ ಡಂಪರ್ ತೂಕದ ಕಾಟಾಕ್ಕೆ ಹೋಗುತ್ತದೆ, ಅಲ್ಲಿಂದ ಸುರಿಯುವ ಜಾಗಕ್ಕೆ. ಖಾಲಿಯಾಗಿ ಬಂದಾಗ ಮತ್ತೊಮ್ಮೆ ತೂಗಬೇಕು. ತುಂಬಿದ ತೂಕದಿಂದ ಖಾಲಿ ತೂಕ ಕಳೆದರೆ ನಿವ್ವಳ ಹೂಳು. ಚೀಟಿಯಲ್ಲಿ ಗಾಡಿ ನಂಬರು, ಎರಡು ತೂಕ, ಹೊತ್ತು ಎಲ್ಲ ಅಚ್ಚಾಗಿರುತ್ತದೆ. ಕಿರಿಯ ಎಂಜಿನಿಯರ್ ಈ ಚೀಟಿಗಳ ಮೊತ್ತವನ್ನು ಮೆಜರ್‌ಮೆಂಟ್ ಬುಕ್ಕಿಗೆ, ಅಂದರೆ ಎಲ್ಲರ ಬಾಯಲ್ಲಿರುವ ಎಂ.ಬಿ.ಗೆ, ಏರಿಸುತ್ತಾನೆ. ಉಪ ಎಂಜಿನಿಯರ್ ಒಂದಿಷ್ಟು ಪಾಲನ್ನು ಪರೀಕ್ಷಿಸಿ ಸಹಿ ಹಾಕುತ್ತಾನೆ. ಆಮೇಲೆ ಆರ್.ಎ. ಬಿಲ್ಲಾಗಿ, ಅಂದರೆ ಕೆಲಸ ನಡೆಯುತ್ತಿರುವಾಗಲೇ ಕಂತುಕಂತಾಗಿ ಸಲ್ಲಿಸುವ ರನ್ನಿಂಗ್ ಅಕೌಂಟ್ ಬಿಲ್ಲಾಗಿ, ಲೆಕ್ಕ ವಿಭಾಗಕ್ಕೆ ಬರುತ್ತದೆ.

ಕಾರಕೂನರ ಕೆಲಸ ಕೂಡು-ಕಳೆ ಸರಿಯಿದೆಯೇ, ದರ ಟೆಂಡರಿನದ್ದೇ, ಚೀಟಿಯ ಮೊತ್ತ ಎಂ.ಬಿ. ಮೊತ್ತಕ್ಕೆ ಸಮವೇ ಎಂದು ನೋಡುವುದು. ನೋಡಿದ ಪ್ರತಿ ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಟಿಕ್ ಹಾಕುವುದು ಅವರ ರೂಢಿ. ಬಾಲ ಸ್ವಲ್ಪ ಒಳಕ್ಕೆ ಸುರುಳಿಯಾಗುವ ಟಿಕ್.

ಮೊದಲ ವರ್ಷ: ತಪ್ಪಿದ ಹೆಜ್ಜೆಗಳು

ಎರಡನೆಯ ಆರ್.ಎ. ಬಿಲ್ಲಿನ ಚೀಟಿಗಳಲ್ಲಿ ಒಂದು ಡಂಪರಿನ ಖಾಲಿ ತೂಕ ಪ್ರತಿ ಸಲವೂ 9,640 ಕಿಲೋ ಎಂದಿತ್ತು. 61 ಚೀಟಿ, ಒಂದೇ ತೂಕ. ಹಾಗೆ ಆಗುವುದಿಲ್ಲ. ಟ್ಯಾಂಕಿನಲ್ಲಿ ನೂರು ಲೀಟರ್ ಡೀಸೆಲ್ ಕಡಿಮೆಯಾದರೆ 80 ಕಿಲೋಕ್ಕೂ ಹೆಚ್ಚು ಇಳಿಯುತ್ತದೆ. ಬಾಡಿಗೆ ಮೆತ್ತಿದ ಕೆಸರು, ಕ್ಲೀನರ್ ಹತ್ತಿದ್ದಾನೋ ಇಳಿದಿದ್ದಾನೋ, ಎಲ್ಲವೂ ಕಾಟಾದಲ್ಲಿ ಕಾಣುತ್ತವೆ. ಕಾರಕೂನ ನೇರವಾಗಿ ವಿಭಾಗದ ಲೆಕ್ಕಾಧಿಕಾರಿಯ ಮೇಜಿಗೆ ಹೋಗಿ ಬಾಯಲ್ಲಿ ಹೇಳಿದರು. ಮರುದಿನ ಆ ಬಿಲ್ಲು ಬೇರೊಬ್ಬರ ಮೇಜಿಗೆ ಹೋಯಿತು, ಮೂರನೆಯ ದಿನ ಪಾಸಾಯಿತು. ಬಾಯಿಮಾತಿಗೆ ಆವಕ ನಂಬರು, ಅಂದರೆ ಬಂದ ಕಾಗದಕ್ಕೆ ಕಚೇರಿ ಕೊಡುವ ನಂಬರು, ಇರುವುದಿಲ್ಲ. ಎಚ್ಚರಿಸಿದ್ದೆ ಎನ್ನಲು ಅವರ ಹತ್ತಿರ ಏನೂ ಉಳಿಯಲಿಲ್ಲ, ಎದುರು ಪಕ್ಷಕ್ಕೆ ಮಾತ್ರ ಯಾರ ಕಣ್ಣು ಬಿದ್ದಿದೆ ಎಂದು ತಿಳಿದುಹೋಯಿತು.

ಎರಡನೆಯದು, ಹೆಸರಿಲ್ಲದ ಪತ್ರ. ಏಳು ಚೀಟಿಗಳನ್ನು ಜೆರಾಕ್ಸ್ ಮಾಡಿ ಆಯುಕ್ತರಿಗೆ ಅಂಚೆಯಲ್ಲಿ ಕಳಿಸಿದರು. ಆಯುಕ್ತರ ಕಚೇರಿ ಅದರ ಮೇಲೆ "ವರದಿ ಕಳಿಸಿ" ಎಂದು ಬರೆದು ಸಂಬಂಧಪಟ್ಟ ವಿಭಾಗಕ್ಕೆ ಇಳಿಸಿತು. ಸಂಬಂಧಪಟ್ಟ ವಿಭಾಗ ಎಂದರೆ ಆ ಬಿಲ್ಲು ಹುಟ್ಟಿದ ವಿಭಾಗವೇ. ಇದರಲ್ಲಿ ಯಾರ ಸಂಚೂ ಬೇಕಿಲ್ಲ, ದೂರುಗಳು ಸರಕಾರಿ ಕಚೇರಿಯಲ್ಲಿ ಹರಿಯುವ ಇಳಿಜಾರೇ ಹಾಗಿದೆ. ವಿಭಾಗ ಕೊಟ್ಟ ಉತ್ತರವೂ ಸುಳ್ಳೇನಲ್ಲ: ಕಾಟಾದ ಸಾಫ್ಟ್‌ವೇರಿನಲ್ಲಿ ಗಾಡಿಯ ಖಾಲಿ ತೂಕವನ್ನು ಒಮ್ಮೆ ತೂಗಿ ಉಳಿಸಿಕೊಳ್ಳುವ ಸೌಲಭ್ಯವಿದೆ, ಪ್ರತಿ ಟ್ರಿಪ್ಪಿಗೂ ಅದೇ ಅಚ್ಚಾಗುತ್ತದೆ. ಟೆಂಡರಿನಲ್ಲಿ ಪ್ರತಿ ಸಲ ತೂಗಬೇಕೆಂದು ಬರೆದಿರಲಿಲ್ಲ. ಕಾರಕೂನರ ಸಾಕ್ಷ್ಯ ಅಲ್ಲಿಗೆ ನೆಲಕಚ್ಚಿತು. ಅದಕ್ಕಿಂತ ಕೆಟ್ಟದ್ದು ಜೆರಾಕ್ಸಿನ ಮೂಲೆಯಲ್ಲಿತ್ತು. ಪೆನ್ಸಿಲಿನ ಟಿಕ್ ಮಸುಕಾಗಿ, ಆದರೆ ಬಾಲದ ಸುರುಳಿ ಸಮೇತ ಮೂಡಿತ್ತು. ಲೆಕ್ಕಾಧಿಕಾರಿ ಕರೆದು ಏನೂ ಕೇಳಲಿಲ್ಲ. ಆ ಏಳು ಹಾಳೆಗಳನ್ನು ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿ ಇಟ್ಟರು, ಅಷ್ಟೆ. ಕಚೇರಿಯ ದಾಖಲೆ ಹೊರಗೆ ಸಾಗಿಸಿದ್ದಕ್ಕೆ ಇಲಾಖಾ ವಿಚಾರಣೆ ನಡೆಸಬಹುದು ಎಂಬುದು ಇಬ್ಬರಿಗೂ ಗೊತ್ತಿತ್ತು.

ಇಲ್ಲಿ ಕಾನೂನಿನ ಬಗ್ಗೆ ಒಂದು ಮಾತು, ಏಕೆಂದರೆ ಮುಂದಿನ ತಪ್ಪು ಅಲ್ಲಿಂದಲೇ ಬಂತು. ಬಿಹಾರದಲ್ಲಿ ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ ತನ್ನ ಹೆಸರು ಗುಟ್ಟಾಗಿರಲಿ ಎಂದು ಕೋರಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಓಡಾಡಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಆ ಗದ್ದಲದ ನಂತರ 2004ರ ಏಪ್ರಿಲ್ 21ರಂದು ಕೇಂದ್ರ ಸರಕಾರ ಒಂದು ನಿರ್ಣಯ ಹೊರಡಿಸಿತು. ಪಿ.ಐ.ಡಿ.ಪಿ.ಐ., ಅಂದರೆ ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಬಯಲು ಮಾಡುವುದು ಮತ್ತು ಮಾಹಿತಿದಾರರ ರಕ್ಷಣೆ, ಎಂದು ಕರೆಯುವುದು ಇದನ್ನೇ. ಕೇಂದ್ರ ಜಾಗೃತ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ದೂರು ಕೊಡಬೇಕು. ಲಕೋಟೆಯ ಮೇಲೆ ಪಿ.ಐ.ಡಿ.ಪಿ.ಐ. ದೂರು ಎಂದು ಬರೆಯಬೇಕು, ಕಳಿಸಿದವರ ಹೆಸರು ಬರೆಯಬಾರದು. ಹೆಸರು-ವಿಳಾಸ ಒಳಗಿನ ಕಾಗದದಲ್ಲಿ ಇರಲೇಬೇಕು. ಹೆಸರಿಲ್ಲದ ದೂರನ್ನು ಆಯೋಗ ಈ ನಿರ್ಣಯದಡಿ ಕೈಗೆತ್ತಿಕೊಳ್ಳುವುದಿಲ್ಲ, ಹೆಸರಿರುವ ದೂರುದಾರನ ಗುರುತನ್ನು ಮುಚ್ಚಿಡುತ್ತದೆ.

ಕಾರಕೂನ ಇದನ್ನೆಲ್ಲ ಅಚ್ಚುಕಟ್ಟಾಗಿ ಪಾಲಿಸಿ ದಿಲ್ಲಿಗೆ ಕಳಿಸಿದರು. ಅದರಿಂದ ಏನೂ ಆಗುವಂತಿರಲಿಲ್ಲ. ಆ ನಿರ್ಣಯದ ವ್ಯಾಪ್ತಿ ಕೇಂದ್ರ ಸರಕಾರದ ನೌಕರರು, ಕೇಂದ್ರದ ಉದ್ಯಮಗಳು, ನಿಗಮಗಳವರೆಗೆ ಮಾತ್ರ. ರಾಜ್ಯ ಸರಕಾರದ ಕೆಳಗಿನ ಪಾಲಿಕೆ ಅದರಲ್ಲಿ ಬರುವುದಿಲ್ಲ. ರಾಜ್ಯಗಳನ್ನೂ ಒಳಗೊಳ್ಳುವ, ವಿಷಲ್ ಬ್ಲೋವರ್ ಅಂದರೆ ಅಕ್ರಮ ಬಯಲಿಗೆಳೆಯುವವರ ರಕ್ಷಣಾ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ಆದರೆ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲಿಲ್ಲ. ದೂರುದಾರನ ಹೆಸರು ಬಿಟ್ಟುಕೊಟ್ಟ ಅಧಿಕಾರಿಗೆ ಮೂರು ವರ್ಷದವರೆಗೆ ಸಜೆ ಎಂಬ ಕಲಮು ಪುಸ್ತಕದಲ್ಲಿ ಮಲಗಿದೆ. ಪಾಲಿಕೆಯ ಒಬ್ಬ ಕಾರಕೂನನಿಗೆ ಇದು ಛತ್ರಿಯ ಚಿತ್ರ ಮಾತ್ರ, ಮಳೆಗೆ ಹಿಡಿಯಲು ಬರುವುದಿಲ್ಲ. 2012ರಲ್ಲಿ ಮಹಾರಾಷ್ಟ್ರದ ನೀರಾವರಿ ಕಾಮಗಾರಿಗಳ ಬಗ್ಗೆ ಸಹಿ ಹಾಕಿಯೇ ಸರಕಾರಕ್ಕೆ ಬರೆದ ವಿಜಯ ಪಾಂಢರೆ ಮುಖ್ಯ ಎಂಜಿನಿಯರ್ ಆಗಿದ್ದರು. ಆ ಹುದ್ದೆಯ ಎತ್ತರದಿಂದ ಮಾತಾಡುವುದೂ ಕೆಳಗಿನ ಮೇಜಿನಿಂದ ಮಾತಾಡುವುದೂ ಒಂದೇ ಅಲ್ಲ.

ಆ ವರ್ಷದ ಕೊನೆಯ ತಪ್ಪು ಮಾಹಿತಿ ಹಕ್ಕಿನ ಅರ್ಜಿ. ಅಕ್ಕನ ಗಂಡ, ಸ್ಟೇಷನ್ ಹತ್ತಿರ ಹೋಟೆಲ್ ಇರುವವರು, ತಾವೇ ಹಾಕುವುದಾಗಿ ಮುಂದೆ ಬಂದರು.

"ನಿನ್ನ ಹೆಸರು ಎಲ್ಲಿ ಬರ್ತದೆ ಮಾರಾಯ? ಅರ್ಜಿ ನನ್ನದು, ಹತ್ತು ರೂಪಾಯಿಯ ಸ್ಟಾಂಪೂ ನನ್ನದು."

"ಭಾವ, ನಿಮ್ಮ ಹೆಸರು ಬಂದ್ರೆ ಸಾಕು," ಎಂದರಂತೆ ಕಾರಕೂನ. ಆದರೂ ತಡೆಯಲಿಲ್ಲ.

ಅರ್ಜಿಯಲ್ಲಿ ಕೇಳಿದ್ದು ಒಂದೇ ನಾಲಾದ, ಒಂದೇ ಬಿಲ್ಲಿನ, ಒಂದೇ ಗಾಡಿಯ ಚೀಟಿಗಳನ್ನು. ಬಿಲ್ಲಿನ ನಂಬರೂ ಅದರಲ್ಲಿತ್ತು. ಹೊರಗಿನವನಿಗೆ ಆ ನಂಬರು ಗೊತ್ತಾಗುವುದು ಹೇಗೆ? ಜೊತೆಗೆ ಕರಾವಳಿಯ ಉಪನಾಮ. ಅರ್ಜಿ ಆವಕದಲ್ಲಿ ಬಿದ್ದ ದಿನವೇ ಮಧ್ಯಾಹ್ನ ಚಹಾದ ಹೊತ್ತಿಗೆ ಎಂಜಿನಿಯರ್ ವಿಭಾಗದ ಒಬ್ಬರು ಬಂದು ನಗುತ್ತ ಕೇಳಿದರು: "ಅಣ್ಣಾ, ಹಾ ತುಮ್ಚಾ ಮಾಣೂಸ್ ಕಾ?" ಇವನು ನಿಮ್ಮ ಮನುಷ್ಯನೇ? ಎರಡು ವಾರಕ್ಕೆ ಹೋಟೆಲಿಗೆ ಪಾಲಿಕೆಯ ಆರೋಗ್ಯ ವಿಭಾಗದ ತಪಾಸಣೆ ಬಂತು. ಎರಡಕ್ಕೂ ಸಂಬಂಧ ಇದೆಯೆಂದು ಯಾರೂ ಸಾಬೀತು ಮಾಡಲಾರರು. ಭಾವ ಮೊದಲ ಮೇಲ್ಮನವಿ ಹಾಕುವ 30 ದಿನಗಳ ಗಡುವನ್ನು ಸುಮ್ಮನೆ ದಾಟಲು ಬಿಟ್ಟರು. ಅವರನ್ನು ದೂರುವಂತಿಲ್ಲ. ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ಭೂಹಗರಣಗಳ ಬೆನ್ನುಹತ್ತಿದ್ದ ಮಾಹಿತಿ ಹಕ್ಕು ಕಾರ್ಯಕರ್ತ ಸತೀಶ್ ಶೆಟ್ಟಿ 2010ರ ಜನವರಿ 13ರಂದು ಕೊಲೆಯಾದ ಸುದ್ದಿ ಇಲ್ಲಿನ ಹೋಟೆಲ್ ಕೌಂಟರುಗಳಲ್ಲಿ ಯಾರೂ ಮರೆತಿಲ್ಲ.

ತಿರುವು: ಹೊರಗೆ ತರುವುದು ಬಿಟ್ಟು ಒಳಗೆ ಬರೆಯುವುದು

ಲೆಕ್ಕಪರಿಶೋಧನೆಯಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತರಾದ ಒಬ್ಬ ಕನ್ನಡತಿ ಡೊಂಬಿವಲಿಯಲ್ಲಿದ್ದರು. ಕಾರಕೂನ ಅವರ ಬಳಿ ಹೋದದ್ದು ವಕೀಲರ ಹೆಸರು ಕೇಳಲು. ಅವರು ವಕೀಲರ ಮಾತನ್ನೇ ಎತ್ತದೆ, ಇನ್ನು ಮೇಲೆ ಒಂದು ಕಾಗದವನ್ನೂ ಮನೆಗೆ ತರಬಾರದು ಎಂದರು. ಡೈರಿಯಲ್ಲಿ ತಾರೀಕು, ಫೈಲ್ ನಂಬರು, ಪುಟ ಸಂಖ್ಯೆ ಬರೆದಿಟ್ಟರೆ ಸಾಕು. ಕಾಗದ ಕಚೇರಿಯಲ್ಲೇ ಇರಲಿ, ಅದನ್ನು ಸಹಿ-ಮೊಹರಿನೊಂದಿಗೆ ಹೊರಗೆ ತರುವ ದಾರಿ ಬೇರೆಯೇ ಇದೆ. ಸಂಶಯವನ್ನು ದೂರಿನಲ್ಲಿ ಬರೆಯುವ ಬದಲು ಫೈಲಿನ ಟಿಪ್ಪಣಿ ಹಾಳೆಯಲ್ಲಿ ಷರಾ ಆಗಿ ಬರೆಯಿರಿ, ಬಿಲ್ಲು ಪರಿಶೀಲಿಸುವವನು ಷರಾ ಬರೆಯುವುದು ಅವನ ಕರ್ತವ್ಯ, ಅದಕ್ಕೆ ಶಿಸ್ತುಕ್ರಮ ಆಗಲಾರದು ಎಂದರು. ಖಾಲಿ ತೂಕದ ವಾದವನ್ನು ಬಿಟ್ಟುಬಿಡಿ ಎಂದೂ ಹೇಳಿದರು. ಎದುರಿನವರ ಬಳಿ ಉತ್ತರ ಸಿದ್ಧವಿರುವ ಪ್ರಶ್ನೆ ಕೇಳಿದರೆ ಮುಂದಿನ ಪ್ರಶ್ನೆಗೂ ಬೆಲೆ ಇರುವುದಿಲ್ಲ.

ಬದಲಿಗೆ ಅವರು ತೋರಿಸಿದ್ದು ಅದೇ ಫೈಲಿನ ಮುಂಭಾಗದಲ್ಲಿದ್ದ ಅಂದಾಜುಪಟ್ಟಿ. ಟೆಂಡರಿಗೆ ಮುಂಚೆ ಇಲಾಖೆಯೇ ನಾಲಾದ ಅಡ್ಡಕೊಯ್ತ ಅಳೆದು ಹೂಳಿನ ಆಳ ಬರೆದಿರುತ್ತದೆ. ಲೆಕ್ಕ ವಿಭಾಗದವರು ಆ ಪುಟ ತಿರುವುವುದಿಲ್ಲ, ಅದು ಎಂಜಿನಿಯರ್‌ಗಳ ಪುಟ. ಮುಂದಿನ ವರ್ಷದ ಬಿಲ್ಲು ಬಂದಾಗ ಕಾರಕೂನ ತಿರುವಿದರು. ನಾಲಾದ ಉದ್ದ 900 ಮೀಟರ್, ಅಗಲ 4 ಮೀಟರ್, ಹೂಳಿನ ಸರಾಸರಿ ಆಳ 0.40 ಮೀಟರ್. ಅಂದರೆ 1,440 ಘನ ಮೀಟರ್. ಒದ್ದೆ ಹೂಳು ಘನ ಮೀಟರಿಗೆ 1.5 ಟನ್ ಎಂದು ಹಿಡಿದರೆ 2,160 ಟನ್. ಬಿಲ್ಲಿನಲ್ಲಿದ್ದದ್ದು 5,400 ಟನ್. ಅಷ್ಟು ಬರಬೇಕಾದರೆ ನಾಲಾದ ಉದ್ದಕ್ಕೂ ಒಂದು ಮೀಟರ್ ಹೂಳು ಇರಬೇಕಿತ್ತು. ಟನ್ನಿಗೆ 1,500 ರೂಪಾಯಿಯಂತೆ ಹೆಚ್ಚುವರಿ 3,240 ಟನ್ನಿಗೆ 48.6 ಲಕ್ಷ.

ಷರಾದ ಮರಾಠಿ ಕರಡನ್ನು ನಾಲ್ಕು ಸಲ ತಿದ್ದಿದರಂತೆ. ಮೊದಲನೆಯದರಲ್ಲಿ 'ಸಂಶಯಾಸ್ಪದ' ಎಂಬ ಮಾತಿತ್ತು. ಅದು ಹೋಯಿತು. ಕೊನೆಗೆ ಉಳಿದದ್ದು ಇಷ್ಟು: "ಅಂದಾಜುಪಟ್ಟಿ ಪ್ರಕಾರ ಸರಾಸರಿ ಹೂಳು 0.40 ಮೀ., ಬಿಲ್ಲಿನ ತೂಕದ ಪ್ರಕಾರ 1.00 ಮೀ. ಬರುತ್ತದೆ. ತಾಳೆ ನೋಡಿ ಹಿಂದಿರುಗಿಸುವುದು." ಆರೋಪವಿಲ್ಲ, ವಿಶೇಷಣವಿಲ್ಲ. ಕೆಳಗೆ ಸಹಿ, ತಾರೀಕು. ಫೈಲು ಜಾವಕ ನಂಬರು, ಅಂದರೆ ಹೊರಹೋಗುವ ಕಾಗದದ ನಂಬರು, ಪಡೆದು ಎಂಜಿನಿಯರ್ ವಿಭಾಗಕ್ಕೆ ಹೋಯಿತು.

ಈ ಪ್ರಕರಣದ ನಡುಗಂಬ ಇದೇ. ಷರಾ ಫೈಲಿನಲ್ಲಿ ಬಿದ್ದ ಮೇಲೆ ಅದನ್ನು ಹರಿಯಲು ಬರುವುದಿಲ್ಲ, ಟಿಪ್ಪಣಿ ಹಾಳೆಗಳಿಗೆ ಪುಟ ಸಂಖ್ಯೆ ಇರುತ್ತದೆ. ಒಂದೋ ನಾಲಾಕ್ಕೆ ಹೋಗಿ ಅಳೆಯಬೇಕು, ಇಲ್ಲವೇ ಯಾರಾದರೂ ತಮ್ಮ ಹೆಸರಿನಲ್ಲಿ ಉತ್ತರ ಬರೆಯಬೇಕು. ಉಪ ಎಂಜಿನಿಯರ್ ಬರೆದರು: "ತಾಳೆ ನೋಡಲಾಗಿದೆ, ಸರಿಯಿದೆ." ಅಲ್ಲಿಯವರೆಗೆ ಈ ವ್ಯತ್ಯಾಸ ಯಾರ ಹೆಸರಿಗೂ ಅಂಟಿರಲಿಲ್ಲ. ಆ ಮೂರು ಪದಗಳ ಕೆಳಗಿನ ಸಹಿ ಅದನ್ನು ಒಬ್ಬರ ಜವಾಬ್ದಾರಿ ಮಾಡಿತು. ಕಾರಕೂನ ಬಿಲ್ಲನ್ನು ಅದೇ ಉತ್ತರದ ಆಧಾರದ ಮೇಲೆ ಮುಂದಕ್ಕೆ ಕಳಿಸಿದರು. ಸೋತರು ಎಂದು ಸಹೋದ್ಯೋಗಿಗಳು ತಿಳಿದರು.

ಎರಡನೆಯ ಅರ್ಜಿ

ಈ ಸಲ ಅರ್ಜಿ ಹಾಕಿದ್ದು ನಾಲಾದ ಪಕ್ಕದ ಚಾಳಿನಲ್ಲಿ ಪ್ರತಿ ಜುಲೈಯಲ್ಲೂ ಮೊಣಕಾಲು ನೀರಿನಲ್ಲಿ ನಿಲ್ಲುವ ಒಬ್ಬ ಮರಾಠಿ ನಿವಾಸಿ. ಕಾರಕೂನರ ಪರಿಚಯ ಅವರಿಗಿಲ್ಲ, ಇಂದಿಗೂ ಇಲ್ಲ. ನಡುವೆ ಇದ್ದವರು ನಿವೃತ್ತ ಲೆಕ್ಕಪರಿಶೋಧಕಿ ಮಾತ್ರ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಪ್ರಶ್ನೆಯನ್ನು ಬಲೆಯಂತೆ ಅಗಲಿಸಿದರು: ಆ ವಲಯದ ಎಲ್ಲ ನಾಲಾಗಳ ಹೂಳೆತ್ತುವ ಕಾಮಗಾರಿಯ ಮೂರು ವರ್ಷಗಳ ಫೈಲು, ಟಿಪ್ಪಣಿ ಹಾಳೆ, ಎಂ.ಬಿ. ಮತ್ತು ಚೀಟಿಗಳ ಪರಿಶೀಲನೆಗೆ ಅವಕಾಶ. ನಕಲು ಕೇಳಲಿಲ್ಲ. ನಕಲು ಕೇಳಿದ್ದರೆ ಸಾವಿರಾರು ಪುಟ, ಪುಟಕ್ಕೆ 2 ರೂಪಾಯಿ ಕಟ್ಟಿ ಎಂಬ ಪತ್ರ ಬರುತ್ತಿತ್ತು. ಇಂಥ ಅಗಲ ಪ್ರಶ್ನೆಯಲ್ಲಿ ಯಾವ ಫೈಲು ಬೇಕಿತ್ತು ಎಂದು ಯಾರಿಗೂ ತಿಳಿಯಲಿಲ್ಲ.

30 ದಿನ ಉತ್ತರವಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಪರಿಶೀಲನೆಗೆ ದಿನ ಗೊತ್ತಾಯಿತು. ನಿವಾಸಿಯ ಕೈಯಲ್ಲಿ ಯಾವ ಫೈಲಿನ ಯಾವ ಯಾವ ಪುಟ ಎಂಬ ಚಿಕ್ಕ ಪಟ್ಟಿ ಇತ್ತು. ಮೂರು ಗಂಟೆ ಎಲ್ಲ ಫೈಲು ತಿರುವಿದಂತೆ ಮಾಡಿ ಕೊನೆಗೆ ಬೇರೆ ಬೇರೆ ಫೈಲುಗಳಿಂದ 38 ಪುಟಗಳ ದೃಢೀಕೃತ ನಕಲು ಕೇಳಿದರು. 76 ರೂಪಾಯಿ. ಅದರಲ್ಲಿ ಬೇಕಾದದ್ದು 11, ಉಳಿದ 27 ಪುಟ ಮರೆಗೆ. ಷರಾ, ಅದಕ್ಕೆ ಬಂದ ಉತ್ತರ, ಅಂದಾಜುಪಟ್ಟಿ ಈಗ ಮಾಹಿತಿ ಅಧಿಕಾರಿಯ ಮೊಹರಿನೊಂದಿಗೆ ಹೊರಗಿದ್ದವು. ಹಿಂದಿನ ವರ್ಷದ ಜೆರಾಕ್ಸುಗಳನ್ನು ಯಾರು ಕದ್ದರು ಎಂದು ಕೇಳುತ್ತಿದ್ದವರು ಈ ಹಾಳೆಗಳ ಬಗ್ಗೆ ಹಾಗೆ ಕೇಳುವಂತಿರಲಿಲ್ಲ.

ಚೀಟಿಗಳು ಮತ್ತೆರಡು ಸಂಗತಿ ಹೇಳಿದವು. ನಾಲಾದಿಂದ ಸುರಿಯುವ ಜಾಗಕ್ಕೆ 31 ಕಿ.ಮೀ. ರಾತ್ರಿ ರಸ್ತೆ ಖಾಲಿಯಿದ್ದರೂ ತುಂಬಿ, ತೂಗಿ, ಸುರಿದು ಬರಲು ಮೂರು ಗಂಟೆ ಬೇಕು. ಒಂದು ಡಂಪರ್ ಒಂದೇ ರಾತ್ರಿ ಒಂಬತ್ತು ಟ್ರಿಪ್ ಮಾಡಿತ್ತು. 23 ಚೀಟಿಗಳಲ್ಲಿದ್ದ ಒಂದು ಗಾಡಿ ನಂಬರನ್ನು ವಾಹನದ ನೋಂದಣಿ ವಿವರ ತೋರಿಸುವ ಸರಕಾರಿ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ತ್ರಿಚಕ್ರ ವಾಹನ ಎಂದು ತೋರಿಸಿತು. ಒಂದು ಚೀಟಿಯಲ್ಲಾದರೆ ಕೈತಪ್ಪು ಎನ್ನಬಹುದಿತ್ತು. ನಾಲಾ ಖಾಡಿಗೆ, ಅಂದರೆ ಒಳನುಗ್ಗಿದ ಸಮುದ್ರದ ಕವಲಿಗೆ, ಸೇರುವ ಕಡೆಯ ತುಂಡಿನಲ್ಲಿ ಭರತದ ಹೊತ್ತಿಗೆ ನೀರು ಏರಿ ಯಂತ್ರ ಇಳಿಸಲು ಆಗುವುದಿಲ್ಲ, ಭರತದ ಕೋಷ್ಟಕದೊಂದಿಗೆ ಚೀಟಿಯ ಹೊತ್ತು ಹೋಲಿಸಿ ಎಂದು ನಿವಾಸಿಗಳೇ ಸೂಚಿಸಿದರು. ಹೋಲಿಕೆ ಅವರ ಪರವಾಗಿಯೇ ಇತ್ತು, ಆದರೆ ಆ ದಿನ ಕೆಲಸ ಯಾವ ತುಂಡಿನಲ್ಲಿ ನಡೆದಿತ್ತು ಎಂದು ಎಂ.ಬಿ.ಯಲ್ಲಿ ಸ್ಪಷ್ಟವಿರಲಿಲ್ಲ. ಆ ವಾದ ಕೈಬಿಟ್ಟದ್ದು ಒಳ್ಳೆಯದಾಯಿತು. ಮೊಬೈಲಿನಲ್ಲಿ ಹರಿದಾಡುತ್ತಿದ್ದ ವಿಡಿಯೋಗಳನ್ನೂ ಸೇರಿಸಲಿಲ್ಲ. ಅವು ಕೋರ್ಟಿನವರೆಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ವಾಟ್ಸ್ಆ್ಯಪಿನಲ್ಲಿ ಹತ್ತು ಕೈ ದಾಟಿದ ವಿಡಿಯೋಗೆ ಅದನ್ನು ಕೊಡುವವರು ಯಾರು?

ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಉಳಿದಿತ್ತು. ಪತ್ರಿಕೆಗೆ ಎಂದರು ಕೆಲವರು. ಲೋಕಾಯುಕ್ತ ಎಂದರೆ ಮಹಾರಾಷ್ಟ್ರದ 1971ರ ಕಾಯ್ದೆಯಡಿ ಶಿಫಾರಸಿನ ಅಧಿಕಾರವಷ್ಟೇ ಇತ್ತು. ಆಯ್ದದ್ದು ಪಾಲಿಕೆಯ ಮುಖ್ಯ ಲೆಕ್ಕಪರಿಶೋಧಕರನ್ನು. ಕಾರಣ ಸರಳ: ಕೊನೆಯ ಬಿಲ್ಲು ಇನ್ನೂ ಪಾವತಿಯಾಗಿರಲಿಲ್ಲ. ಹೋದ ಹಣದ ಬೆನ್ನು ಹತ್ತುವುದಕ್ಕಿಂತ ಹೋಗಬೇಕಾದ ಹಣವನ್ನು ತಡೆಯುವುದು ಸುಲಭ, ತಡೆಯುವ ಕೈ ಲೆಕ್ಕಪರಿಶೋಧಕರದು. ಪತ್ರಿಕೆಗೆ ಮೊದಲು ಹೋಗಿದ್ದರೆ ಗುತ್ತಿಗೆದಾರ ರಾತ್ರೋರಾತ್ರಿ ಬಿಲ್ಲು ಹಿಂತೆಗೆದುಕೊಂಡು 'ತಿದ್ದಿದ' ಬಿಲ್ಲು ಕೊಡುತ್ತಿದ್ದ.

ಏನಾಯಿತು

ಒಟ್ಟು 81 ಲಕ್ಷದ ಬಿಲ್ಲಿನಲ್ಲಿ 54 ಲಕ್ಷ ಅದಾಗಲೇ ಪಾವತಿಯಾಗಿತ್ತು. ಕೊನೆಯ 27 ಲಕ್ಷ ನಿಂತಿತು. ನ್ಯಾಯವಾಗಿ ಸಲ್ಲಬೇಕಾದದ್ದು 32.4 ಲಕ್ಷವಾದ್ದರಿಂದ 21.6 ಲಕ್ಷ ಹೆಚ್ಚು ಹೋಗಿತ್ತು. ಐದು ಶೇಕಡಾ ಠೇವಣಿಯಿಂದ 4.05 ಲಕ್ಷ ವಸೂಲಾಯಿತು. ಉಳಿದ 17.55 ಲಕ್ಷ ಗುತ್ತಿಗೆದಾರನ ದಾವೆಯಲ್ಲಿ ಸಿಕ್ಕಿಕೊಂಡಿದೆ.

ಕಿರಿಯ ಎಂಜಿನಿಯರ್ ಅಮಾನತಾಗಿ ಕೆಲವು ತಿಂಗಳಲ್ಲಿ ಮರಳಿ ಬಂದ. ಎಂ.ಬಿ. ಬರೆದವನು ಅವನಾದರೂ ಚೀಟಿ ಎಲ್ಲಿಂದ ಬಂತು ಎಂದು ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. "ಸರಿಯಿದೆ" ಎಂದು ಬರೆದ ಉಪ ಎಂಜಿನಿಯರ್ ಮೇಲೆ ಇಲಾಖಾ ವಿಚಾರಣೆ ನಡೆಯುತ್ತಿದೆ. ಭ್ರಷ್ಟಾಚಾರ ನಿಗ್ರಹ ದಳ ತನಿಖೆಗೆ ಅನುಮತಿ ಕೇಳಿತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಸೇರಿಸಿದ 17ಎ ಕಲಮಿನಂತೆ ಅಧಿಕಾರಿಯ ಕರ್ತವ್ಯದ ನಿರ್ಧಾರಗಳ ಬಗ್ಗೆ ವಿಚಾರಣೆಗೆ ಮೊದಲೇ ಒಪ್ಪಿಗೆ ಬೇಕು. ಒಪ್ಪಿಗೆಯ ತೀರ್ಮಾನಕ್ಕೆ ಮೂರು ತಿಂಗಳು, ಕಾರಣ ಬರೆದಿಟ್ಟರೆ ಇನ್ನೊಂದು ತಿಂಗಳು. ನಾಲ್ಕು ತಿಂಗಳಾದ ಮೇಲೂ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಂತೆ ಎಂದು ಕಲಮು ಹೇಳುವುದಿಲ್ಲ. ಉತ್ತರ ಬಂದಿಲ್ಲ.

ಕಾರಕೂನರನ್ನು ಜನನ-ಮರಣ ನೋಂದಣಿಗೆ ವರ್ಗ ಮಾಡಿದರು. ಆ ವರ್ಷದ ಗೋಪ್ಯ ವರದಿಯಲ್ಲಿ ದರ್ಜೆ ಒಂದು ಮೆಟ್ಟಿಲು ಇಳಿಯಿತು, ಕಾರಣ "ಕಡತ ವಿಲೇವಾರಿಯಲ್ಲಿ ವಿಳಂಬ". ಷರಾ ಬರೆದ ಫೈಲು ಅವರ ಮೇಜಿನಲ್ಲಿ ಎರಡೇ ದಿನ ಇತ್ತು ಎಂದು ಆವಕ-ಜಾವಕ ಪುಸ್ತಕವೇ ಹೇಳುತ್ತದೆ. ದರ್ಜೆಯ ವಿರುದ್ಧ ಮನವಿ ಕೊಟ್ಟು ಆ ಪುಸ್ತಕದ ಪುಟ ಲಗತ್ತಿಸಿದ್ದಾರೆ. ಅದರ ನಕಲನ್ನು ಈ ಸಲ ಜೆರಾಕ್ಸ್ ಮಾಡಲಿಲ್ಲ, ಮಾಹಿತಿ ಹಕ್ಕಿನಲ್ಲಿ ತಮ್ಮದೇ ಹೆಸರಿನಿಂದ ಪಡೆದರು. ಅವರನ್ನು ವಿಷಲ್ ಬ್ಲೋವರ್ ಎಂದು ಯಾವ ಕಾಗದವೂ ಕರೆಯುವುದಿಲ್ಲ. ಹೆಚ್ಚಿನ ಪೆಟ್ಟು ಬೀಳದೆ ಇರಲು ಅದೂ ಒಂದು ಕಾರಣ. ಮೊದಲ ವರ್ಷದ ಆ ಟಿಕ್ ಇಲ್ಲದಿದ್ದರೆ ಈ ವರ್ಗಾವಣೆಯೂ ಆಗುತ್ತಿರಲಿಲ್ಲವೇನೋ.

ಮೂರನೆಯ ವರ್ಷದ ಟೆಂಡರಿನಲ್ಲಿ ಎರಡು ಷರತ್ತು ಹೊಸದಾಗಿ ಸೇರಿದವು: ಕೆಲಸಕ್ಕೆ ಮುಂಚೆ ಮತ್ತು ನಂತರ ಅಡ್ಡಕೊಯ್ತ ಅಳೆದು ತೂಕದೊಂದಿಗೆ ತಾಳೆ ನೋಡಬೇಕು, ಖಾಲಿ ಗಾಡಿಯನ್ನು ಪ್ರತಿ ಟ್ರಿಪ್ಪಿಗೂ ತೂಗಬೇಕು. ಚಾಳಿನ ನಿವಾಸಿ ಜೂನಿನಲ್ಲಿ ಮತ್ತೆ ಪರಿಶೀಲನೆಗೆ ಹೋದರು. ಅದೇ ಡಂಪರ್ ಈ ಸಲವೂ ಕೆಲಸದಲ್ಲಿತ್ತು. ಖಾಲಿ ತೂಕದ ಕಾಲಮಿನಲ್ಲಿ ಒಂದರ ಕೆಳಗೊಂದು 9,580, 9,710, 9,640, 9,620 ಎಂದಿತ್ತು.